ಮಳೆಗಿಂತ ಮೊದಲು ತುಂಬಿದ ಬಾಟಲಿ

ಶಕುನ, ಹಲ್ಲಿ ಲೊಚಗುಟ್ಟುವುದು, ಕನಸಿನಲ್ಲಿ ಹಿರಿಯರು ಬಂದು ಎಚ್ಚರಿಸುವುದು ಇಂಥವಕ್ಕೆಲ್ಲ ನಾನು ಎಂದೂ ಸೊಪ್ಪು ಹಾಕಿದವನಲ್ಲ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಭೂಗೋಳ ಕಲಿಸಿದವನು. ಯಾರಾದರೂ ಅಂಥ ಕತೆ ತೆಗೆದರೆ ನಡುವೆಯೇ ನಕ್ಕು ಅವರ ಹುರುಪು ಕೆಡಿಸುವುದು ನನ್ನ ಚಟ. ಈಗ ನಾನೇ ಒಂದನ್ನು ಹೇಳಲು ಕುಳಿತಿದ್ದೇನೆ. ನೀವು ನಕ್ಕರೆ ನನ್ನ ತಕರಾರಿಲ್ಲ, ಆದರೆ ಕೊನೆತನಕ ಓದಿ ನಗಿರಿ.

ನಮ್ಮದು ಕುಬಿಹಾಳದ ಬಾಜೂಕಿನ ಸಣ್ಣ ಊರು. ಶಾಲೆಯ ಹಿಂದೆ ತಂತಿಬೇಲಿಯೊಳಗೆ ಒಂದು ಮಳೆಮಾಪಕ ಇದೆ. ಮೇಲೆ ನೀರು ಹಿಡಿಯುವ ಆಲಿಕೆ, ಒಳಗೆ ಒಂದು ಬಾಟಲಿ, ಹೊರಗೊಂದು ಕೀಲಿ. ನಾನು ನಿವೃತ್ತನಾದ ಮೇಲೂ ಅದರ ಕೀಲಿಕೈ ನನ್ನ ಹತ್ತಿರವೇ ಉಳಿಯಿತು. ದಿನಾ ಬೆಳಿಗ್ಗೆ ಎಂಟೂವರೆಗೆ ಹೋಗಿ ಬಾಟಲಿಯ ನೀರನ್ನು ಗೀಟು ಹಾಕಿದ ಗಾಜಿನ ಅಳತೆಗೆ ಸುರಿದು ನೋಡಿ ರಿಜಿಸ್ಟರಿನಲ್ಲಿ ಬರೆಯುತ್ತೇನೆ. ಮಳೆ ಇಲ್ಲದ ತಿಂಗಳಲ್ಲೂ ತಪ್ಪದೆ ಹೋಗಿ ಸೊನ್ನೆ ಬರೆಯುತ್ತೇನೆ. ಊರವರು ನನ್ನನ್ನು ಮಳಿ ಮಾಸ್ತರ ಅನ್ನುತ್ತಾರೆ. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಚೇಷ್ಟೆ.

ಕೆಲವು ವರ್ಷಗಳ ಹಿಂದಿನ ಮಾತು. ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಊರಿನ ಎಲ್ಲ ಕಣಗಳಲ್ಲೂ ಕೆಂಪು ಮೆಣಸಿನಕಾಯಿ ಹಾಸಿದ್ದರು. ಆಗ ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತ ಎದ್ದಿತು. ಸಂಜೆ ಪಂಚಾಯ್ತಿ ಕಟ್ಟೆಯ ಮೇಲೆ ಬಸವಣ್ಣೆಪ್ಪ, ಒಂದನೇ ಇಯತ್ತೆಯಿಂದ ನನ್ನ ಜೊತೆ ಕಲಿತ ಗೆಳೆಯ, ಕಾಯಿ ತೆಗೆಯಬೇಕೋ ಬೇಡವೋ ಎಂದು ಕೇಳಿದ. ನಾನು ಫೋನಿನಲ್ಲಿ ಉಪಗ್ರಹದ ಚಿತ್ರ ತೆಗೆದು ಪಾಠ ಶುರು ಮಾಡಿದೆ. ಬೆಚ್ಚಗಿನ ಸಮುದ್ರವೇ ಚಂಡಮಾರುತದ ಕೂಳು. ನೀರಾವಿ ಮೇಲೇರಿ ಮೋಡವಾಗುವಾಗ ಬಿಡುವ ಶಾಖದಿಂದ ಅದಕ್ಕೆ ಬಲ ಬರುತ್ತದೆ, ಭೂಮಿ ತಿರುಗುವುದರಿಂದ ಸುತ್ತು ಬರುತ್ತದೆ. ದಡ ಹತ್ತಿತೆಂದರೆ ಕೂಳು ನಿಂತಿತು. ಅಲ್ಲಿ ದಂಡೆಯ ಊರುಗಳ ಮನೆ ಕೆಡವುತ್ತದೆ, ಸಮುದ್ರವನ್ನೇ ಓಣಿಯೊಳಗೆ ನುಗ್ಗಿಸುತ್ತದೆ, ನಮ್ಮತನಕ ಬರುವಷ್ಟರಲ್ಲಿ ಅದರ ಉಸಿರು ಹೋಗಿರುತ್ತದೆ ಅಂದೆ. ಒಳನಾಡಿನಲ್ಲೂ ಮಳೆ ಆಗಬಹುದು ಎಂಬ ಒಂದು ಸಾಲು ಮುನ್ಸೂಚನೆಯಲ್ಲಿತ್ತು. ಓದಿದ್ದೆ. ಆಗಬಹುದು ಅಂದರೆ ಆಗದೆಯೂ ಇರಬಹುದು ಎಂದು ನಾನೇ ಅರ್ಥ ಹಚ್ಚಿ, ಕಾಯಿ ಇರಲಿ ಬಿಡು ಅಂದುಬಿಟ್ಟೆ. ನಾಲ್ಕು ಮಂದಿ ತಲೆಯಾಡಿಸಿದರೆ ನನಗೆ ಊಟ ಮಾಡಿದಷ್ಟು ಸಮಾಧಾನ.

ಶಾಲೆಗೆ ಹೊಂದಿಕೊಂಡೇ ಹುಸೇನಬಿ ಅಕ್ಕನವರ ಕಣ. ನನಗಿಂತ ಐದಾರು ವರ್ಷ ದೊಡ್ಡವರು. ಊರೆಲ್ಲ ಪ್ಯಾಕೆಟ್ಟಿನ ಬೀಜಕ್ಕೆ ಹೋದ ಮೇಲೆ ನಮ್ಮ ಹಳೇ ಮೆಣಸಿನಕಾಯಿಯ ತಳಿ ಉಳಿದದ್ದು ಅವರೊಬ್ಬರ ಮನೆಯಲ್ಲಿ. ಒಳ್ಳೇ ಗಿಡಕ್ಕೆ ಚಿಂದಿ ಕಟ್ಟಿ ಗುರುತು ಮಾಡಿ, ಅದರ ಕಾಯಿಯನ್ನೇ ಬೇರೆ ಹಾಸಿ ಒಣಗಿಸುತ್ತಿದ್ದರು. ಆ ಬೀಜವನ್ನು ಮಾರುತ್ತಿರಲಿಲ್ಲ. ಒಂದು ಸೇರು ಒಯ್ದವರು ಮುಂದಿನ ವರ್ಷ ಒಂದು ಸೇರು ತಂದು ಹಾಕಬೇಕು, ಅಷ್ಟೇ ಕರಾರು. ಹಿಂದಿನ ವರ್ಷ ಯಾರೂ ಒಯ್ದಿರಲಿಲ್ಲ, ಹೀಗಾಗಿ ಆ ವರ್ಷ ತಂದು ಹಾಕುವವರೂ ಇರಲಿಲ್ಲ. ಇದ್ದ ಬೀಜವೆಲ್ಲ ಆ ಕಣದ ಮೂಲೆಯಲ್ಲಿ ಹಾಸಿದ ಕಾಯಿಯೊಳಗೇ ಇತ್ತು. ಅದಕ್ಕೆ ಇನ್ನೂ ಎರಡು ಬಿಸಿಲು ಬೇಕಾಗಿತ್ತು. ನೆನೆದರೆ ಬೀಜ ಕೆಡುತ್ತದೆ. ಹಾಗಂತ ಬಿಸಿಲು ತಪ್ಪಿಸಿ ಒಳಗೆ ಒಯ್ದರೆ ಎರಡು ಮೂರು ದಿನಕ್ಕೆ ಬೆವತು ಬೂಷ್ಟು ಹಿಡಿಯುತ್ತದೆ. ಅದಕ್ಕೇ ಅವರು ನನ್ನ ಮಾತಿಗೆ ಕಾದಿದ್ದರು.

ಮರುದಿನ ಎಂಟೂವರೆಗೆ ಹೋಗಿ ಕೀಲಿ ತೆಗೆದೆ. ಆಕಾಶದಲ್ಲಿ ಹತ್ತಿಯ ಎಳೆಯಷ್ಟೂ ಮೋಡವಿರಲಿಲ್ಲ. ಆಲಿಕೆ ಎತ್ತಿ ಪಕ್ಕಕ್ಕಿಟ್ಟು ಬಾಟಲಿ ಹಿಡಿದರೆ ಕೈಗೆ ಭಾರ ಹತ್ತಿತು. ಒಳಗೆ ನೀರು. ಹಿಂದಿನ ದಿನ ಅದೇ ಬಾಟಲಿಯನ್ನು ಬರಿದು ಮಾಡಿ ಇಟ್ಟವನು ನಾನೇ. ರೂಢಿಯಂತೆ ಕೈ ತಾನೇ ಅಳೆಯಿತು: ಇಪ್ಪತ್ತೆರಡು ಪಾಯಿಂಟ್ ನಾಲ್ಕು ಮಿಲಿಮೀಟರ್.

ಇಬ್ಬನಿ ಅಷ್ಟು ಬೀಳುವುದಿಲ್ಲ. ಯಾರದೋ ಕಿತಾಪತಿ ಅಂದುಕೊಂಡು ಆಲಿಕೆಯನ್ನು ನೋಡಿದೆ. ಎರಡು ದಿನದಿಂದ ನಾನು ಒರೆಸದೆ ಬಿಟ್ಟಿದ್ದ ಜೇಡರ ಬಲೆ ಅದರ ಬಾಯಿಗೆ ಅಡ್ಡ ಹಾಗೆಯೇ ಇತ್ತು. ಒಂದು ಎಳೆಯೂ ಹರಿದಿರಲಿಲ್ಲ, ಅದರ ಮೇಲಿನ ಧೂಳೂ ಅಳಿಸಿರಲಿಲ್ಲ. ಬೇಲಿಯೊಳಗಿನ ಮಣ್ಣಿನಲ್ಲಿ ನನ್ನ ಚಪ್ಪಲಿಯ ಗುರುತು ಬಿಟ್ಟರೆ ಬೇರೆ ಹೆಜ್ಜೆ ಇಲ್ಲ. ನೀರು ಚೆಲ್ಲಿದೆ, ರಿಜಿಸ್ಟರಿನಲ್ಲಿ ಸೊನ್ನೆ ಬರೆದೆ. ಹೆದರಿದ್ದೆ, ಅದನ್ನು ಮುಚ್ಚಿಡುವುದಿಲ್ಲ.

ಅಷ್ಟರಲ್ಲಿ ಹುಸೇನಬಿ ಅಕ್ಕ ಬೇಲಿಯ ಹತ್ತಿರ ಬಂದು ನಿಂತರು.

“ಸರ, ಕಾಯಿ ಬಿಸಲಾಗ ಬಿಡ್ಲೋ ಒಳಗ ಒಯ್ಲೋ, ಏನರ ಒಂದ್ ಹೇಳ್ರಿ. ನೀವ್ ಹೇಳಿದಂಗ ಮಾಡ್ತೀನಿ.”

ಬಿಡಿರಿ, ಏನೂ ಆಗುವುದಿಲ್ಲ ಎನ್ನಲೆಂದೇ ಬಾಯಿ ತೆರೆದೆ. “ಒಳಗ ಒಯ್ರಿ ಅಕ್ಕಾರ. ಇವತ್ತ ಒಯ್ರಿ” ಅಂತ ಬಂತು. ಅವರು ಯಾಕೆ ಎಂದು ಕೇಳಲಿಲ್ಲ. ಮಧ್ಯಾಹ್ನದೊಳಗೆ ಸೊಸೆಯಂದಿರನ್ನು ಕಟ್ಟಿಕೊಂಡು ಅಷ್ಟನ್ನೂ ಒಯ್ದು ಪಡಸಾಲೆ ತುಂಬ ತೆಳ್ಳಗೆ ಹರವಿದರು.

ಮನೆಗೆ ಹೋಗುವ ದಾರಿಯಲ್ಲೇ ಬಸವಣ್ಣೆಪ್ಪನ ಕಣ. ಅವನು ಕಾಯಿ ತಿರುವಿ ಹಾಕುತ್ತಿದ್ದ. ಏನಂತದ ನಿನ್ನ ಫೋನು ಎಂದು ದೂರದಿಂದಲೇ ಕೇಳಿದ. ಹೊಸದೇನೂ ಇಲ್ಲ ಅಂದೆ. ಫೋನಿನ ಮಟ್ಟಿಗೆ ಅದು ನಿಜವೇ. ಬಾಟಲಿಯ ವಿಷಯ ನಾಲಿಗೆಯ ತುದಿಗೆ ಬಂದಿತ್ತು. ಹೇಳಿದ್ದರೆ, ನಿನ್ನೆ ನನ್ನ ಪಾಠ ಕೇಳಿದ ಕಟ್ಟೆಯೇ ಇವತ್ತು ಹೊಟ್ಟೆ ಹಿಡಿದು ನಗುತ್ತಿತ್ತು. ನುಂಗಿಕೊಂಡು ಮುಂದೆ ನಡೆದೆ.

ಮರುದಿನ ನಸುಕಿಗೇ ಮೋಡ ಕಟ್ಟಿತು. ಗುಡುಗಿಲ್ಲ, ಗಾಳಿಯೂ ಇಲ್ಲ. ಮಧ್ಯಾಹ್ನ ಹಿಡಿದ ಮಳೆ ದೀಪ ಹಚ್ಚುವ ಹೊತ್ತಿನ ತನಕ ಬಿಡಲಿಲ್ಲ. ನನ್ನ ತಪ್ಪು ಎಲ್ಲಿತ್ತೆಂದು ಆಗ ತಿಳಿಯಿತು. ದಡ ಹತ್ತಿದ ಚಂಡಮಾರುತದ ಗಾಳಿ ಸಾಯುತ್ತದೆ, ಅದು ಹೊತ್ತು ತಂದ ನೀರು ಎಲ್ಲಿಗೂ ಹೋಗುವುದಿಲ್ಲ. ನೂರಾರು ಮೈಲಿ ಒಳಗೆ ಬಂದೂ ಇಳಿಯುತ್ತದೆ. ನಾನು ಗಾಳಿಯನ್ನಷ್ಟೇ ಹಿಡಿದುಕೊಂಡು ಕೂತಿದ್ದೆ. ವಿದ್ಯಾರ್ಥಿ ಹಾಗೆ ಬರೆದಿದ್ದರೆ ಅರ್ಧ ಮಾರ್ಕನ್ನೂ ಕೊಡುತ್ತಿರಲಿಲ್ಲ.

ಬಸವಣ್ಣೆಪ್ಪ ಓಡಿ ಬಂದು ತಾಡಪಾಲು ಹೊದಿಸಿದ. ಅಡಿಯಿಂದ ನೀರು ಹರಿದು ಬಂತು. ಬಂಗಾರದಂಥ ಕಾಯಿ ಬಿಳಚಿಕೊಂಡು ಮೈತುಂಬ ಕರಿ ಚುಕ್ಕೆ ಎದ್ದವು. ಮಳೆ ನಿಂತ ಮೇಲೆ ಉಳಿದ ಎರಡು ಬಿಸಿಲು ಕಂಡು ಹುಸೇನಬಿ ಅಕ್ಕನವರ ಬೀಜ ಉಳಿಯಿತು. ಮಳೆಯ ಮರುದಿನ ಬೆಳಿಗ್ಗೆ ಎಂಟೂವರೆಗೆ ಹೋಗಿ ಅಳೆದೆ. ಇಪ್ಪತ್ತೆರಡು ಪಾಯಿಂಟ್ ನಾಲ್ಕು. ಮೂರು ಸಲ ಅಳೆದೆ, ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಬರಲಿಲ್ಲ.

ಬಾಟಲಿ ಬದಲಿಸಿ ನೋಡಿದ್ದೇನೆ, ತಿಂಗಳುಗಟ್ಟಲೆ ಕಾದು ನೋಡಿದ್ದೇನೆ. ಮತ್ತೆ ಹಾಗೆ ಆಗಿಲ್ಲ. ಚಂಡಮಾರುತದ ಬಗ್ಗೆ ಈಗ ಕೇಳಿರಿ, ಮೊದಲಿಗಿಂತ ಚೆನ್ನಾಗಿ ಎದೆ ತಟ್ಟಿ ಹೇಳುತ್ತೇನೆ. ಅವತ್ತಿನಿಂದ ಗಾಳಿಯ ಜೊತೆ ನೀರನ್ನೂ ಹೇಳುತ್ತೇನೆ, ಊರು ಕೇಳುತ್ತದೆ, ಬಹಳ ಸಲ ಸರಿಯೂ ಆಗುತ್ತದೆ.

ಮುಂದಿನ ಮುಂಗಾರಿಗೆ ಬಸವಣ್ಣೆಪ್ಪ ಆ ಹಳೇ ಬೀಜವನ್ನು ಕೇಳಿಕೊಂಡು ಹುಸೇನಬಿ ಅಕ್ಕನವರ ಮನೆಗೆ ಬಂದ. ನಾನೂ ಅಲ್ಲಿದ್ದೆ. ಅವರು ಒಂದು ಸೇರು ಅಳೆದು ಅವನ ಚೀಲಕ್ಕೆ ಹಾಕುತ್ತ, ಇದು ಸರ ಉಳಿಸಿಕೊಟ್ಟ ಬೀಜ ಅಂದರು. ಅವನು ನನ್ನತ್ತ ನೋಡದೆ ಚೀಲದ ಬಾಯಿ ಕಟ್ಟಿಕೊಂಡು ಹೋದ. ನನಗೆ ತಡೆಯಲಾಗಲಿಲ್ಲ. ಅವನು ಓಣಿ ದಾಟುತ್ತಲೂ ಬಾಟಲಿ, ಬಲೆ, ಇಪ್ಪತ್ತೆರಡು ಪಾಯಿಂಟ್ ನಾಲ್ಕು, ಎಲ್ಲವನ್ನೂ ಅಕ್ಕನವರಿಗೆ ಹೇಳಿದೆ. ಕೆಳಗೆ ಚೆಲ್ಲಿದ ಬೀಜ ಆಯುತ್ತಲೇ ಕೇಳಿಸಿಕೊಂಡರು. ಅಚ್ಚರಿಪಡಲಿಲ್ಲ.

“ಮತ್ತ ಅವತ್ತ ಬಸವಣ್ಣೆಪ್ಪಗ ಯಾಕ ಹೇಳಲಿಲ್ರಿ?” ಅಂದರು.

ನೀರು ಎಲ್ಲಿಂದ ಬಂತು ಎಂದು ಕೇಳುತ್ತಾರೆ ಅಂದುಕೊಂಡಿದ್ದೆ. ಅದನ್ನು ಕೇಳಿದ್ದರೆ ಗೊತ್ತಿಲ್ಲ ಅಂದುಬಿಡಬಹುದಿತ್ತು. ಇವತ್ತಿಗೂ ನನಗೆ ಅದು ಗೊತ್ತಿಲ್ಲ, ಅವರು ಕೇಳಿದ್ದರ ಉತ್ತರ ಮಾತ್ರ ಗೊತ್ತಿತ್ತು.