ಸೊಣ್ಣಪ್ಪ ಹಿಮ ಅಗೆದು ನೋಡಿದ ಚಳಿಗಾಲಗಳು

ಕ್ಯಾಸಂಬಳ್ಳಿ ಕಡೆಯ ಸೊಣ್ಣಪ್ಪ ಉರಿಗಾಂ ಚಿನ್ನದ ಗಣಿಯ ಆಳದಲ್ಲಿ ಎಂಟು ವರ್ಷ ಬಂಡೆ ಕುಸಿಯದಂತೆ ಮರದ ಆಸರೆ ನಿಲ್ಲಿಸಿದವನು. ಬಂಡೆ ಸಿಡಿಯುವ ಮುಂಚೆ ಒಳಗೊಳಗೇ ಸದ್ದು ಮಾಡುವುದನ್ನು ಅವನ ಕಿವಿ ಬಲ್ಲದು. 1961ರಲ್ಲಿ, ಹಿಮಾಲಯದಲ್ಲಿ ರಸ್ತೆ ಕಡಿಯಲು ಆಳು ಬೇಕೆಂದು ತಿಳಿದಾಗ, ಬಯಲ ಗಾಳಿಯ ಆಸೆಗೆ ಹೆಸರು ಕೊಟ್ಟ. ಹೆಂಡತಿ ಮುತ್ಯಾಲಮ್ಮ ಎರಡು ಕಂಬಳಿ ಕಟ್ಟಿಕೊಟ್ಟು ಬಂಗಾರಪೇಟೆಯಲ್ಲಿ ರೈಲು ಹತ್ತಿಸಿದಳು.

ಎರಡನೆಯ ಚಳಿಗಾಲ. ಮೂರು ದಿನ ಎಡೆಬಿಡದೆ ಹಿಮ ಬಿದ್ದು, ನಾಲ್ಕನೆಯ ಬೆಳಿಗ್ಗೆ ಒಳ್ಳೆಯ ಬಿಸಿಲು ಬಂತು. ಹನ್ನೆರಡು ಮಂದಿ ಕಣಿವೆಯಾಚೆಯ ಶಿಬಿರಕ್ಕೆ ಹೊರಟರು. ಕಡಿದಾದ ಇಳಿಜಾರಿನ ಬುಡದಲ್ಲಿ ಹೋದರೆ ಅರ್ಧ ಗಂಟೆ, ಗುಡ್ಡದ ನೆತ್ತಿ ಬಳಸಿದರೆ ಮೂರು ಗಂಟೆ. ಮುಂದಿದ್ದ ಸೊಣ್ಣಪ್ಪ ಹತ್ತು ಹೆಜ್ಜೆ ಇಟ್ಟನಷ್ಟೆ, ಕಾಲಡಿಯ ಹಿಮ ಧುಂ ಎಂದು ಕುಸಿದು, ಎಳೆಯಂಥ ಬಿರುಕು ಮುಂದಕ್ಕೆ ಓಡಿತು. ಅವನು ಎಲ್ಲರನ್ನೂ ಹಿಂದಕ್ಕೆ ಸಮತಟ್ಟು ಜಾಗಕ್ಕೆ ಕರೆದ.

"ಯಾಕ್ಲಾ ನಿಂತೆ?" ಎಂದ ಮೇಸ್ತ್ರಿ ಆರುಮುಗಂ. ಅವನೂ ಉರಿಗಾಂನವನೇ.

"ಒಳಗೆ ಟೊಳ್ಳೈತೆ ಮೇಸ್ತ್ರಿ. ಸದ್ದು ಕೇಳಿಸ್ಲಿಲ್ವಾ?"

"ಇದು ಮಂಜು ಕಣ್ಲಾ, ಬಂಡೆಯಲ್ಲ."

"ಯಾವ್ದಾದ್ರೇನು, ತೂಕ ಒರಕ್ಕಾಗ್ದಿದ್ರೆ ಇಂಗೇ ಕೂಗ್ಕೊಳ್ಳೋದು. ನಾನಂತೂ ಬರಲ್ಲ."

ಸೊಣ್ಣಪ್ಪ ಸಲಿಕೆ ತೆಗೆದುಕೊಂಡು ಸೊಂಟದಾಳ ಅಗೆದ. ಮೇಲೆ ಗಾಳಿಗೆ ಬಿಗಿದ ಗಟ್ಟಿ ಪದರ. ಅದರ ಕೆಳಗೆ ಸಕ್ಕರೆಯಂಥ ಬಿಡಿ ಕಾಳು. ಆರುಮುಗಂ ಒಂದು ಹಿಡಿ ತೆಗೆದ. ಒಂದಕ್ಕೊಂದು ಅಂಟದೆ ಬೆರಳ ಸಂದಿಯಿಂದ ಅಷ್ಟೂ ಸುರಿದುಹೋಯಿತು.

"ಸರಿ, ಮ್ಯಾಲಿಂದ್ಲೇ ಓಗಾನ," ಎಂದ.

ದಾರಿಯುದ್ದಕ್ಕೂ ಉಳಿದವರು ಸೊಣ್ಣಪ್ಪನನ್ನು ಬೈದರು. ಆಚೆ ಬದಿ ಇಳಿಯುವ ಹೊತ್ತಿಗೆ ಹಿಂದೆ ಗುಡುಗಿದಂತಾಯಿತು. ತಿರುಗಿ ನೋಡಿದರೆ ಇಳಿಜಾರಿಗೆ ಇಳಿಜಾರೇ ಹಾಳೆಯಂತೆ ಕಳಚಿ, ಅವರು ಬಿಟ್ಟುಬಂದ ದಾರಿಯನ್ನು ಮುಚ್ಚಿತ್ತು. ಶಿಬಿರದಲ್ಲಿ ಆರುಮುಗಂ ಮೊದಲ ಲೋಟ ಚಹಾ ತಂದು ಸೊಣ್ಣಪ್ಪನ ಕೈಗಿಟ್ಟ.

ಅಂದಿನಿಂದ ಹಿಮ ಬಿದ್ದಾಗಲೆಲ್ಲ ಗುಂಡಿ ತೋಡಿ, ಹೋಗಬಹುದೋ ಹೋಗಬಾರದೋ ಹೇಳುವುದು ಅವನ ಕೆಲಸವಾಯಿತು. ಕೆಲವು ದಿನ ಎಲ್ಲರನ್ನೂ ತಡೆದು ಕೂರಿಸಿದರೂ ಏನೂ ಜಾರುತ್ತಿರಲಿಲ್ಲ. ಗೆಳೆಯರು ಗೇಲಿ ಮಾಡಿದರೆ ಅವನೂ ನಗುತ್ತಿದ್ದ. ಎಂಟು ವರ್ಷ ಕತ್ತಲಲ್ಲಿ ದುಡಿದವನಿಗೆ ಬಿಸಿಲಲ್ಲಿ ಮಂಡಿಯೂರಿ ಹಿಮದ ಪದರಗಳನ್ನು ಬೆರಳಲ್ಲಿ ಒತ್ತಿ ನೋಡುವುದು ಹಿಡಿಸಿಬಿಟ್ಟಿತ್ತು. ಇನ್ನೂ ಮೂರು ಚಳಿಗಾಲ ಅಲ್ಲೇ ಉಳಿದ.

1966ರಲ್ಲಿ ಊರಿಗೆ ಬಂದು ಎರಡು ಹಸು ಕಟ್ಟಿದ. ಒಂದು ದಿನ ಊಟಕ್ಕೆ ಕೂತಾಗ ಮುತ್ಯಾಲಮ್ಮ ಕೇಳಿದಳು: "ಅಲ್ಲಿ ಭಯ ಆಗ್ತಿರ್ಲಿಲ್ವಾ?"

"ಆಗ್ತಿತ್ತು," ಎಂದ ಸೊಣ್ಣಪ್ಪ. "ಅದಕ್ಕೇ ಅಗೀತಿದ್ದೆ."

ಅವಳು ನಕ್ಕು ಇನ್ನೊಂದು ಸೌಟು ಸಾರು ಬಡಿಸಿದಳು.