ವಾರ್ಡನ್ ತುಂಬಿದ ಫಾರಂ

ಮೂಡಿಗೆರೆ ಕಡೆಯ ಹಾಸ್ಟೆಲೊಂದಕ್ಕೆ ಕೌನ್ಸೆಲಿಂಗ್ ಮಾಡಲು ಹೋಗಿದ್ದೆ. ಹುಟ್ಟಿನಿಂದಲೇ ಎಚ್‌ಐವಿ ಇರುವ ಹತ್ತನೇ ಕ್ಲಾಸಿನ ಹುಡುಗಿಯನ್ನು ಮಾತಾಡಿಸಬೇಕಿತ್ತು. ಹೊರಗಿರಿ ಅಂದರೆ ವಾರ್ಡನ್, "ನಾನಿಲ್ಲೇ ಇರ್ತೀನಿ ಮಾರಾಯ್ತಿ" ಅಂತ ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡರು.

"ನಿದ್ದೆ ಬರುತ್ತಾ? ಭಯ ಆಗುತ್ತಾ?" ಆತಂಕ ಅಳೆಯುವ ಫಾರಂ ನೋಡಿ ಕೇಳಿದೆ.

"ಮಾತ್ರೆ ತಪ್ಪಿಸಲ್ಲ, ನಿದ್ದೆನೂ ಬರುತ್ತೆ. ಕಾಫಿ ಮೂಟೆಗೆ ಗುರುತು ಹಾಕೋ ಪೇಂಟನ್ನ ನನ್ನ ತಟ್ಟೆಗೆ ಹಚ್ಚಿ ಬೇರೆ ಇಟ್ಟವ್ರು ಇವ್ರು. ಭಯ ಯಾರಿಗೆ ಅಂತ ಇವ್ರನ್ನೇ ಕೇಳಿ ಮೇಡಂ."

ತಟ್ಟೆಯಿಂದ ಎಚ್‌ಐವಿ ಅಂಟಲ್ಲ ಅಂತ ವಾರ್ಡನ್‌ಗೆ ಹಿಂದೆ ಬಂದಾಗೆಲ್ಲ, ನಾಲ್ಕು ಸಲ ಹೇಳಿದ್ದೆ. ಈ ಸಲ ಹೇಳಲಿಲ್ಲ, ಅಂಥದ್ದೇ ಇನ್ನೊಂದು ಫಾರಂ ಅವರ ಕೈಗಿಟ್ಟೆ. ಗೊಣಗುತ್ತಲೇ ತುಂಬಿದರು. ಹುಡುಗಿಗೆ ಎರಡು ಅಂಕ, ಅವರಿಗೆ ಹದಿನಾರು.

ಅಂಕ ಹೆಚ್ಚಿದ್ದವರಿಗೆ ಕೌನ್ಸೆಲಿಂಗ್ ಅನ್ನುವುದು ನಮ್ಮ ರೂಲು. ಮುಂದಿನ ತಿಂಗಳ ಪಟ್ಟಿಯಲ್ಲಿ ವಾರ್ಡನ್ ಹೆಸರಿದೆ. ಬಾಗಿಲ ಹತ್ತಿರ ತಾನು ಕೂರ್ತೀನಿ ಅಂತ ಹುಡುಗಿ ಈಗಲೇ ಹೇಳಿಟ್ಟಿದ್ದಾಳೆ.