ಕೋಸಕ್ಕನ ನಾಲಗೆ

ಬೀದಿಯವರಿಗೆಲ್ಲ ಅವಳು ಕೋಸಕ್ಕ. ತಮ್ಮನ ಟೈಲರ್ ಅಂಗಡಿಗೆ ಅಳತೆ ಕೊಡಲು ಬಂದವರು ಒಳಗಿನಿಂದ ಬರುವ ಘಮಕ್ಕೆ ಮೂಗರಳಿಸಿ, "ಇವತ್ತೂ ಎಲೆಕೋಸಾ?" ಎಂದು ಕೇಳಿ ಕೇಳಿ ಆ ಹೆಸರು ಅಂಟಿಕೊಂಡಿತ್ತು. ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ, ಒಳಗೊಳಗೆ ಹೆಮ್ಮೆಯೇ ಇತ್ತು. ಗಂಡ ಸತ್ತ ಮೇಲೆ ಒಂದು ಟ್ರಂಕು ಹಿಡಿದು ತಮ್ಮನ ಮನೆ ಸೇರಿದವಳಿಗೆ ಹೇಳಿಕೊಳ್ಳಲು ಬೇರೆ ಏನಿತ್ತು?

ಆ ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಮೆಷಿನ್ನು, ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ತಮ್ಮನೂ ಅವನ ಹೆಂಡತಿಯೂ ಮಲಗುವುದು ಅಟ್ಟದಲ್ಲಿ. ಅವರ ಮಗಳು, ಹತ್ತೊಂಬತ್ತು ತುಂಬಿದ ಹುಡುಗಿ, ಹಗಲೆಲ್ಲ ಅಂಗಿಗಳಿಗೆ ಗುಂಡಿಯ ಕಾಜಾ ಹಾಕಿ, ರಾತ್ರಿ ಅದೇ ಮೇಜಿನ ಕೆಳಗೆ ಬಟ್ಟೆಚೂರುಗಳನ್ನು ಪಕ್ಕಕ್ಕೆ ಸರಿಸಿ ಹಾಸಿಗೆ ಬಿಚ್ಚುತ್ತಿದ್ದಳು. ಹಿಂದಿನ ಅಡುಗೆಮನೆಗೆ ಅಂಟಿಕೊಂಡು ಒಂದು ಕಿರುಕೋಣೆಯಿತ್ತು. ಒಲೆಯ ಕಾವಿಗೆ ಸದಾ ಬೆಚ್ಚಗಿರುತ್ತಿದ್ದ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಆ ಕೋಣೆ ಕೋಸಕ್ಕನದು.

ಅದು ಅವಳಿಗೆ ಪುಕ್ಕಟೆ ಸಿಕ್ಕಿದ್ದಲ್ಲ. ತಮ್ಮನಿಗೆ ಚಿಕ್ಕಂದಿನಿಂದ ಎಲೆಕೋಸೆಂದರೆ ಪ್ರಾಣ, ಅದೂ ಅಕ್ಕನ ಕೈಯದೇ ಆಗಬೇಕು. ಎಲ್ಲಿಯವರೆಗೆ ಅವನ ತಟ್ಟೆ ಖಾಲಿಯಾಗುತ್ತದೋ ಅಲ್ಲಿಯವರೆಗೆ ಕೋಣೆ ತನ್ನದು ಎಂಬ ಲೆಕ್ಕ ಕೋಸಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

ಕೋಸಕ್ಕ ಸಾಧುಪ್ರಾಣಿಯೇನಲ್ಲ, ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ತಮ್ಮನ ಹೆಂಡತಿ ಮದುವೆಯಾಗಿ ಬಂದ ಹೊಸದರಲ್ಲಿ ಆಸೆಯಿಂದ ಒಂದು ದಿನ ಕೋಸು ಬೇಯಿಸಿ ಬಡಿಸಿದ್ದಳು. ಪಾತ್ರೆಗೆ ಮುಚ್ಚಳ ಹಾಕಿ ಮರೆತಿದ್ದರಿಂದ ಅದು ಬಣ್ಣಗೆಟ್ಟು, ನೀರು ಬಿಟ್ಟುಕೊಂಡು, ವಾಸನೆ ಹೊಡೆಯುತ್ತಿತ್ತು. ಕೋಸಕ್ಕ ಒಂದು ಎಲೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, "ಇದನ್ನ ಬೇಯಿಸಿದ್ಯೋ, ಒಗೆದಿದ್ಯೋ? ಹಿಂಡಿ ಒಣಗಿಹಾಕಮ್ಮ," ಎಂದಳು. ತಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕ. ಬಂದ ಗಿರಾಕಿಗಳಿಗೂ ಹೇಳಿ ನಗಿಸಿದ. ಆ ಹೆಣ್ಣು ಅವತ್ತು ಅಡುಗೆಮನೆ ಬಿಟ್ಟವಳು ಮತ್ತೆ ಒಲೆಯ ಮುಂದೆ ನಿಲ್ಲಲಿಲ್ಲ. ಮೆಷಿನ್ನಿನ ಮುಂದೆ ಕೂತು, ಹೆಂಗಸರ ಬಟ್ಟೆ ಹೊಲಿಯುತ್ತ, ಬಾಯಿಗೆ ಬೀಗ ಹಾಕಿಕೊಂಡಳು.

ಕೋಸಕ್ಕನ ಕೈರುಚಿ ಮಾತ್ರ ಸುಳ್ಳಲ್ಲ. ಕೋಸನ್ನು ಕೂದಲೆಳೆಯಷ್ಟು ಸಣ್ಣಗೆ ಹೆಚ್ಚಿ, ಒಣಬಟ್ಟೆಯಲ್ಲಿ ಒತ್ತಿ, ಹೊಗೆಯಾಡುವ ಎಣ್ಣೆಗೆ ಒಂದೇ ಸಲ ಸುರಿಯುತ್ತಿದ್ದಳು. ಮುಚ್ಚಳದ ಮಾತೇ ಇಲ್ಲ. ಇನ್ನೂ ಕರಕರ ಅನ್ನುವಾಗಲೇ ಇಳಿಸಿ, ಮೆಣಸಿನಪುಡಿ ಉದುರಿಸಿ, ನಿಂಬೆ ಹಿಂಡಿ, ಎಲ್ಲಕ್ಕಿಂತ ಕೊನೆಗೆ ಉಪ್ಪು. ಮೊದಲೇ ಉಪ್ಪು ಬಿದ್ದರೆ ಕೋಸು ನೀರು ಬಿಟ್ಟು ಅಳುತ್ತದೆ ಎನ್ನುತ್ತಿದ್ದಳು. ಇನ್ನೊಂದು ದಿನ ಹೊರಗಿನ ದೊಡ್ಡ ಎಲೆಗಳನ್ನು ಬಿಸಿನೀರಲ್ಲಿ ಬಾಡಿಸಿ, ದಪ್ಪ ನರವನ್ನು ಚಾಕುವಿನಿಂದ ಸವರಿ ತೆಗೆದು, ಅನ್ನ, ಹುರಿದ ಈರುಳ್ಳಿ ತುಂಬಿ ಸುರುಳಿ ಸುತ್ತಿ, ಟೊಮೆಟೊ ರಸದಲ್ಲಿ ಸಣ್ಣ ಉರಿಯಲ್ಲಿ ಬೇಯಿಸುತ್ತಿದ್ದಳು. "ನೋಡೋ, ನಿನ್ನ ಹೊಲಿಗೆ ಬಿಚ್ಚುತ್ತೆ, ನಂದು ಬಿಚ್ಚಲ್ಲ," ಎಂದು ತಮ್ಮನನ್ನು ಛೇಡಿಸುತ್ತಿದ್ದಳು. ತಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಾವಲಿಯಲ್ಲಿ ಹುರಿದ ಹೋಳು. ದಂಟು ಕೀಳದೆ ಕೋಸನ್ನು ನಾಲ್ಕಾಗಿ ಸೀಳಿ, ಬೆಣ್ಣೆಯ ಮೇಲೆ ಮಲಗಿಸಿ, ಕೆಣಕದೆ ಬಿಡಬೇಕು. ಅಂಚು ಕಂದುಬಣ್ಣಕ್ಕೆ ತಿರುಗಿ, ಒಳಗೆ ಸಿಹಿ ಇಳಿಯುವ ಗಳಿಗೆಯನ್ನು ಅವಳು ಕಣ್ಣಿಂದಲ್ಲ, ಮೂಗಿನಿಂದ ಹಿಡಿಯುತ್ತಿದ್ದಳು. ಅದೊಂದು ಗಳಿಗೆ ತಪ್ಪಿದರೆ ಸಿಹಿ ಹೋಗಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.

ಒಂದು ಚಳಿಗಾಲದ ಜ್ವರ ಆ ಮೂಗನ್ನು ಕಿತ್ತುಕೊಂಡಿತು. ಜ್ವರ ಬಿಟ್ಟಿತು, ಕೆಮ್ಮು ಬಿಟ್ಟಿತು, ವಾಸನೆ ಮಾತ್ರ ತಿರುಗಿ ಬರಲಿಲ್ಲ. ಬೆಳ್ಳುಳ್ಳಿ ಜಜ್ಜಿ ಮೂಗಿಗೆ ಹಿಡಿದಳು, ಏನೂ ಇಲ್ಲ. ಬೆಣ್ಣೆ, ಮೆಣಸು, ಈರುಳ್ಳಿ ಎಲ್ಲವೂ ಬಾಯಲ್ಲಿ ಒದ್ದೆ ಬಟ್ಟೆಯಂತಾದವು. ನಾಲಗೆಯ ಮೇಲೆ ಸ್ಪಷ್ಟವಾಗಿ ಉಳಿದದ್ದು ಉಪ್ಪೊಂದೇ. ಊಟಕ್ಕೆ ಕೂತಾಗ ಅವಳು ಆ ಉಪ್ಪನ್ನು ಹುಡುಕಿಕೊಂಡು ತಿನ್ನುತ್ತಿದ್ದಳು. ಯಾರಿಗೂ ಹೇಳಲಿಲ್ಲ. ಹೇಳಿದರೆ ಕೋಣೆ ಹೋಗುತ್ತದೆ.

ಹೇಳಿದ್ದು ಒಬ್ಬಳಿಗೆ, ತಮ್ಮನ ಮಗಳಿಗೆ. ಒಂದು ದಿನ ಹಾಲು ಒಡೆದು ನಾರುತ್ತಿದ್ದರೂ ಕೋಸಕ್ಕ ಅದನ್ನೇ ಕಾಯಿಸುತ್ತ ನಿಂತಿದ್ದನ್ನು ಹುಡುಗಿ ಕಂಡುಹಿಡಿದಳು.

"ಅತ್ತೆ, ನಿಮಗೆ ವಾಸನೆ ಬರ್ತಿಲ್ವಾ?"

ಕೋಸಕ್ಕ ಅವಳ ಕೈ ಹಿಡಿದುಕೊಂಡಳು. ಅವತ್ತಿನಿಂದ ಹುಡುಗಿಯೇ ಅತ್ತೆಯ ಮೂಗು. ಕಾವಲಿ ಒಲೆ ಏರಿದಾಗ ನೀರು ಕುಡಿಯುವ ನೆಪದಲ್ಲಿ ಅಂಗಡಿಯಿಂದ ಎದ್ದು ಬಂದು, ಮೂಸಿ, ಒಂದು ಚೂರು ಬಾಯಿಗೆ ಹಾಕಿಕೊಂಡು, "ಇಳಿಸಿ," "ಇನ್ನೊಂಚೂರು," ಎಂದು ಪಿಸುಗುಟ್ಟಿ ಹೋಗುತ್ತಿದ್ದಳು. ಉಪ್ಪಿನ ಮಾತು ಬಂದರೆ ಕೋಸಕ್ಕ, "ಅದು ನನಗೇ ಗೊತ್ತಾಗುತ್ತೆ, ನೀನು ಮಿಕ್ಕಿದ್ದು ನೋಡು," ಎನ್ನುವಳು. ಇದಕ್ಕೆ ಬದಲಾಗಿ ಹುಡುಗಿಯ ಬಟ್ಟೆ ಒಗೆದುಕೊಡುತ್ತಿದ್ದಳು, ಅವಳು ಸಂಜೆ ತಡವಾಗಿ ಬಂದರೆ ಅವಳಪ್ಪನಿಗೆ ಸುಳ್ಳು ಹೇಳುತ್ತಿದ್ದಳು. ಒಂದೇ ಒಂದು ಸಲ ಹುಡುಗಿ, "ಅತ್ತೆ, ಈ ಕೋಣೇಲಿ ನಾನೂ ಮಲಗ್ಲಾ? ಅಲ್ಲಿ ತುಂಬಾ ಚಳಿ," ಎಂದು ಕೇಳಿದಳು.

"ಇಬ್ಬರಿಗೆ ಜಾಗ ಎಲ್ಲಿದೆ? ನೀನು ಬೇರೆ ಗೊರಕೆ ಹೊಡೀತೀಯ. ನಿನ್ನ ಗಂಡ ಆಗೋನು ಕಿವೀಲಿ ಹತ್ತಿ ಇಟ್ಕೊಂಡೇ ಬರಬೇಕು," ಎಂದು ಕೋಸಕ್ಕ ನಕ್ಕಳು. ಹುಡುಗಿಯ ಮುಖ ಕೆಂಪಾಯಿತು. ತನ್ನ ಮೂಗನ್ನೇ ತಾನು ಗೇಲಿ ಮಾಡುತ್ತಿದ್ದೇನೆಂದು ಆ ಹೆಂಗಸಿಗೆ ಹೊಳೆಯಲೇ ಇಲ್ಲ. ನಾಲಗೆಯ ರುಚಿ ಹೋದರೂ ಚುಚ್ಚುವ ಚಾಳಿ ಹೋಗಿರಲಿಲ್ಲ.

ಆ ಮನೆಯಲ್ಲಿ ಒಂದು ಅಭ್ಯಾಸವಿತ್ತು. ತಮ್ಮ ಮೆಷಿನ್ ಎಣ್ಣೆಯನ್ನು ಡಬ್ಬಿಗಟ್ಟಲೆ ತಂದು, ಅಡುಗೆ ಎಣ್ಣೆಯ ಖಾಲಿ ಬಾಟಲಿಗಳಿಗೆ ತುಂಬಿಸುತ್ತಿದ್ದ. ಗುರುತಿಗೆಂದು ಬಾಟಲಿಯ ಕತ್ತಿನ ಸುತ್ತ ಕೆಂಪು ದಾರ ಕಟ್ಟುತ್ತಿದ್ದ. ಕ್ರಮೇಣ ದಾರ ಕಟ್ಟುವುದನ್ನೂ ಬಿಟ್ಟ. ಮೂಸಿದರೆ ಗೊತ್ತಾಗುತ್ತದಲ್ಲ, ದಾರವೇಕೆ ಎನ್ನುವ ಸೋಮಾರಿತನ. ಒಂದು ಶನಿವಾರ ಬೆಳಕು ಚೆನ್ನಾಗಿದೆಯೆಂದು ಮೆಷಿನ್ನಿನ ತಲೆಯನ್ನು ಅಡುಗೆಮನೆಯ ಕಿಟಕಿಯ ಹತ್ತಿರ ತಂದು ಬಿಚ್ಚಿ, ಎಣ್ಣೆ ಬಿಟ್ಟು, ಬಾಟಲಿಯನ್ನು ಅಲ್ಲೇ ಒಲೆಯ ಪಕ್ಕ ಮರೆತು ಹೋದ.

ಮರುದಿನ ಅವನಿಗೆ ಕತ್ತರಿ ಹಿಡಿಯಲು ಕಲಿಸಿದ ಮುದುಕ ಮೇಸ್ತ್ರಿ ಊಟಕ್ಕೆ ಬರುವವನಿದ್ದ. "ಅಕ್ಕ, ಮಾನ ಉಳಿಸು. ಆ ಹುರಿದ ಹೋಳೇ ಆಗಬೇಕು," ಎಂದಿದ್ದ ತಮ್ಮ. ಬೆಣ್ಣೆ ಸಾಲಲಿಲ್ಲ. ಕೋಸಕ್ಕ ಕೈಗೆ ಸಿಕ್ಕ ಬಾಟಲಿಯಿಂದ ಧಾರಾಳವಾಗಿ ಎಣ್ಣೆ ಸುರಿದಳು. ಹೋಳುಗಳು ಚುರ್ ಎಂದವು, ಅಂಚು ಕಂದುಬಣ್ಣಕ್ಕೆ ತಿರುಗಿತು, ನೋಡಲು ಲಕ್ಷಣವಾಗಿಯೇ ಇದ್ದವು.

ಹುಡುಗಿ ಬಂದಳು. ಬಾಗಿಲಲ್ಲೇ ಒಂದು ಗಳಿಗೆ ನಿಂತಳು. ಹುಟ್ಟಿದಾಗಿನಿಂದ ಆ ಎಣ್ಣೆಯ ನಡುವೆ ಬೆಳೆದವಳಿಗೆ ವಾಸನೆ ಹಿಡಿಯಲು ಹತ್ತಿರ ಬರಬೇಕಿರಲಿಲ್ಲ. ಅವಳು ಕಾವಲಿ ನೋಡಿದಳು, ಬಾಟಲಿ ನೋಡಿದಳು, ತೆರೆದಿದ್ದ ಕಿರುಕೋಣೆಯ ಬಾಗಿಲು ನೋಡಿದಳು.

"ಹೇಗಿದೆಯೇ?" ಎಂದಳು ಕೋಸಕ್ಕ, ಬೆವರು ಒರೆಸಿಕೊಳ್ಳುತ್ತ.

"ಸೊಗಸಾಗಿದೆ ಅತ್ತೆ. ಇಷ್ಟು ಚೆನ್ನಾಗಿ ಯಾವತ್ತೂ ಬಂದಿರಲಿಲ್ಲ."

ಎಲ್ಲರೂ ಕೂತರು. ಮೇಸ್ತ್ರಿ ಹೋಳನ್ನು ಬಾಯಿಗಿಟ್ಟು, ಅಗಿಯುವುದನ್ನು ನಿಲ್ಲಿಸಿ, ಅಂಗೈಗೆ ಉಗಿದ. ತಮ್ಮನೂ ಉಗಿದ. ಅವನ ಹೆಂಡತಿ ತಟ್ಟೆಯನ್ನು ಮೂಸಿದಳು, ಅಷ್ಟೇ. ಬಾಗಿಲ ಬಳಿ ಬಡಿಸುವ ಸೌಟು ಹಿಡಿದು ನಿಂತಿದ್ದ ಕೋಸಕ್ಕ ಒಬ್ಬೊಬ್ಬರ ಮುಖವನ್ನೂ ಓದಲು ನೋಡಿದಳು.

"ಅಕ್ಕ, ನೀನು ರುಚಿ ನೋಡಿದ್ಯಾ?"

"ನೋಡದೆ ಬಡಿಸ್ತೀನಾ?"

"ಇನ್ನೊಂದು ಸಲ ನೋಡು."

ತಮ್ಮನ ಹೆಂಡತಿ ಎದ್ದು ತನ್ನ ತಟ್ಟೆಯನ್ನೇ ಅವಳ ಕೈಗಿತ್ತಳು. ಕೋಸಕ್ಕ ಒಂದು ತುತ್ತು ತಿಂದಳು. ಉಪ್ಪು ಸರಿಯಾಗಿತ್ತು. ಬೇರೆ ಏನೂ ಗೊತ್ತಾಗಲಿಲ್ಲ. ಅವಳು ಹುಡುಗಿಯ ಕಡೆ ನೋಡಿದಳು, ಹುಡುಗಿ ತಲೆ ತಗ್ಗಿಸಿ ಉಗುರು ಕೆರೆಯುತ್ತಿದ್ದಳು. ಏನಾದರೂ ಹೇಳಲೇಬೇಕಿತ್ತು.

"ಒಂಚೂರು ಹೆಚ್ಚಿಗೆ ಬೆಂದು ವಾಸನೆ ಬಂದಿದೆ, ಅಲ್ವಾ?" ಎಂದಳು.

ತಮ್ಮನ ಹೆಂಡತಿ ನಕ್ಕಳು. ಇಷ್ಟು ವರ್ಷ ಕಟ್ಟಿಟ್ಟಿದ್ದ ನಗು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಮೆಷಿನ್ ಎಣ್ಣೆ ಅತ್ತಿಗೆ! ಮೆಷಿನ್ ಎಣ್ಣೆ ತಿಂದು ಹೆಚ್ಚಿಗೆ ಬೆಂದಿದೆ ಅಂತೀರಲ್ಲ!" ಮೇಸ್ತ್ರಿ ಕೈ ತೊಳೆಯಲು ಎದ್ದುಹೋದ.

ಬಾಟಲಿಯನ್ನು ಒಲೆಯ ಪಕ್ಕ ಇಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ, ಇಟ್ಟವನು ಬಾಯಿ ಬಿಡಲಿಲ್ಲ. "ಯಾವಾಗಿನಿಂದ ಹೀಗೆ?" ಎಂದಷ್ಟೇ ಕೇಳಿದ. ಹುಡುಗಿಯ ಹೆಸರು ಕೋಸಕ್ಕನ ಬಾಯಿತುದಿಗೆ ಬಂದಿತ್ತು. ಆದರೆ ಅದನ್ನು ಹೇಳಿದರೆ ಇಷ್ಟು ದಿನ ತಮ್ಮ ಹೊಗಳಿದ್ದು ತನ್ನ ಅಡುಗೆಯನ್ನಲ್ಲ ಎಂದೂ ಒಪ್ಪಿಕೊಂಡಂತೆ. ಜಂಬ ಬಿಡಲಿಲ್ಲ. ಹೆಸರನ್ನು ನುಂಗಿಕೊಂಡು, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವಾರವೇ ಟ್ರಂಕು ಕಿರುಕೋಣೆಯಿಂದ ಅಂಗಡಿಯ ಮೇಜಿನ ಕೆಳಗೆ ಬಂತು, ಹುಡುಗಿಯ ಹಾಸಿಗೆ ಕಿರುಕೋಣೆಗೆ ಹೋಯಿತು. "ಮನೆಮಂದಿಗೆಲ್ಲ ವಿಷ ಹಾಕೋ ಮುಂಚೆ ಅಡುಗೆಮನೆ ಬಿಡಿ," ಎಂದು ತಮ್ಮನ ಹೆಂಡತಿ ಒಲೆ ಹಿಡಿದಳು. ಇಷ್ಟು ವರ್ಷ ಕಿವಿಗೆ ಬಿದ್ದದ್ದನ್ನೆಲ್ಲ ಅವಳು ಮರೆತಿರಲಿಲ್ಲ. ಮುಚ್ಚಳ ಹಾಕದೆ, ಉಪ್ಪನ್ನು ಕೊನೆಗೆ ಹಾಕಿ ಅವಳು ಹುರಿದ ಕೋಸನ್ನು ತಮ್ಮ ಎರಡನೇ ಸಲ ಬಡಿಸಿಕೊಂಡು ತಿಂದ. ಕೋಸಕ್ಕನಿಗೆ ನಿಜವಾಗಿ ನೋವಾದದ್ದು ಆವತ್ತು.

ಅವಳ ತಟ್ಟೆಗೆ ಬರುತ್ತಿದ್ದದ್ದು ಬೇರೆ. ಬಿಸಾಡುವ ಹೊರ ಎಲೆ, ದಂಟು, ಬರೀ ನೀರಲ್ಲಿ ಬೇಯಿಸಿದ್ದು. ಬೆಣ್ಣೆಯಿಲ್ಲ, ಮೆಣಸಿಲ್ಲ. ಅದಕ್ಕೆಲ್ಲ ಅವಳು ತಲೆ ಕೆಡಿಸಿಕೊಳ್ಳಲಿಲ್ಲ, ಇದ್ದರೂ ಗೊತ್ತಾಗುತ್ತಿರಲಿಲ್ಲ. ಆದರೆ ಉಪ್ಪೂ ಇರಲಿಲ್ಲ. ಕೆಲವು ದಿನ ನುಂಗಿಕೊಂಡಳು. ಒಂದು ಮಧ್ಯಾಹ್ನ ತಡೆಯಲಾರದೆ ತಲೆಯೆತ್ತಿದಳು.

"ಒಂಚೂರು ಉಪ್ಪು ಹಾಕಮ್ಮ."

"ನಿಮಗ್ಯಾಕೆ ಅತ್ತಿಗೆ ಉಪ್ಪು? ಸುಮ್ಮನೆ ದಂಡ."

"ಉಪ್ಪು ಗೊತ್ತಾಗುತ್ತೆ ನಂಗೆ. ಅದೊಂದು ಗೊತ್ತಾಗುತ್ತೆ."

"ಅವತ್ತೂ ಎಲ್ಲಾ ಗೊತ್ತಾಗುತ್ತೆ ಅಂತಲೇ ಅಲ್ವಾ ನಿಂತಿದ್ರಿ, ಸೌಟು ಹಿಡ್ಕೊಂಡು?"

ತಮ್ಮ ಅನ್ನ ಕಲಸುತ್ತಿದ್ದ ಕೈ ನಿಲ್ಲಿಸಿದ. ಅವನಿಗೂ ಸ್ವಲ್ಪ ಕಸಿವಿಸಿಯಾಗಿರಬೇಕು. "ನಿಜವಾಗ್ಲೂ ಗೊತ್ತಾಗುತ್ತೇನಕ್ಕ?" ಎಂದ.

ಕೋಸಕ್ಕನಿಗೆ ಆಸೆ ಚಿಗುರಿತು. ಜಂಬವನ್ನೆಲ್ಲ ಪಕ್ಕಕ್ಕಿಟ್ಟಳು. "ನಿನ್ನ ಮಗಳನ್ನೇ ಕೇಳು," ಎಂದಳು. "ಅವಳಿಗೆ ಗೊತ್ತು. ದಿನಾ ಅವಳೇ ರುಚಿ ನೋಡ್ತಿದ್ದಿದ್ದು. ಉಪ್ಪು ಮಾತ್ರ ನಾನೇ ನೋಡ್ಕೊಳ್ತಿದ್ದೆ. ಹೇಳೇ, ನಿಮ್ಮಪ್ಪನಿಗೆ ಹೇಳು."

ಮೂವರೂ ಹುಡುಗಿಯ ಕಡೆ ತಿರುಗಿದರು. ಹೌದೆಂದರೆ, ಹಾಗಾದರೆ ಆ ಭಾನುವಾರ ಯಾಕೆ ಬಾಯಿಬಿಡಲಿಲ್ಲ ಎಂಬ ಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಕೊಟ್ಟರೆ ಮತ್ತೆ ಮೇಜಿನ ಕೆಳಗಿನ ಚಳಿ. ಹುಡುಗಿ ಒಂದು ತುತ್ತು ಬಾಯಿಗಿಟ್ಟು, ನಿಧಾನವಾಗಿ ಅಗಿದು, ನುಂಗಿದಳು.

"ನಂಗೇನು ಗೊತ್ತು? ನಾನ್ಯಾವತ್ತು ರುಚಿ ನೋಡಿದ್ದೆ?" ಎಂದಳು.

ತಮ್ಮ ಮತ್ತೆ ಅನ್ನ ಕಲಸತೊಡಗಿದ. ಅವನ ಹೆಂಡತಿ ಉಪ್ಪಿನ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಕೋಸಕ್ಕ ಹುಡುಗಿಯನ್ನೊಮ್ಮೆ ನೋಡಿ, ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಊಟ ಮುಗಿಸಿದಳು.